ಮರ ಜಾಸ್ತಿಯಾಯಿತು, ಬೆಳವಣಿಗೆ ಎಲ್ಲಿ ಹೋಯಿತು? ಫೋರ್ಟ್ ವ್ಯಾಲಿ ಪೈನ್ ಕಾಡಿನ ದಾಸ್ತಾನು ಲೆಕ್ಕ

ಒಂದೇ ಜಾಗ, ಎರಡು ಲೆಕ್ಕ. 1876ರಲ್ಲಿ ಅಲ್ಲಿ ಹೆಕ್ಟೇರಿಗೆ 60ರ ಆಸುಪಾಸು ಪೈನ್ ಮರಗಳಿದ್ದವು. 1992ರ ಹೊತ್ತಿಗೆ ಮೂರು ಸಾವಿರ ದಾಟಿದ್ದವು. ಬರೀ ಮರ ಎಣಿಸಿ ವರದಿ ಬರೆಯುವವರಿಗೆ ಇದು ಖುಷಿಯ ಸುದ್ದಿ, ಅಲ್ವಾ? ಆದರೆ ಆ ಕಾಡನ್ನು ನೋಡಿಕೊಳ್ಳುತ್ತಿದ್ದವರಿಗೆ ಇದು ತಲೆನೋವಾಗಿತ್ತು. ಹಳೇ ಮರಗಳು ಸೊರಗುತ್ತಿದ್ದವು, ಎಳೆ ಮರಗಳು ದಪ್ಪವಾಗುತ್ತಲೇ ಇರಲಿಲ್ಲ, ನೆಲದ ಹುಲ್ಲು ಮಾಯವಾಗಿತ್ತು.

ಇದು ಅಮೆರಿಕದ ಅರಿಝೋನಾ ರಾಜ್ಯದ ಫ್ಲ್ಯಾಗ್‌ಸ್ಟಾಫ್ ಊರಿನ ಪಕ್ಕದ ಫೋರ್ಟ್ ವ್ಯಾಲಿ ಕಾಡಿನ ಕಥೆ. ಒಣ ಬೆಟ್ಟದ ಶಂಕುಮರ (ಪೈನ್‌ನಂಥ ಸೂಜಿ ಎಲೆಯ ಮರ) ಕಾಡಿನಲ್ಲಿ ದಾಸ್ತಾನು, ಅಂದರೆ ನಿಂತಿರುವ ಮರ, ಎಷ್ಟಿದೆ, ಬೆಳವಣಿಗೆ ಎಷ್ಟಾಗುತ್ತಿದೆ ಅಂತ ಅಳೆಯಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ. ಕಾರಣ ಸರಳ: ಇಲ್ಲಿ ನೂರು ವರ್ಷಕ್ಕೂ ಮೀರಿದ ಅಳತೆಯ ದಾಖಲೆ ಇದೆ. ಅಳೆಯುವವರು ಬೀಳಬಹುದಾದ ಹಳ್ಳಗಳೂ ಬಹುತೇಕ ಎಲ್ಲವೂ ಇಲ್ಲೇ ಇವೆ.

ಕಾಡಿನ ಹಿನ್ನೆಲೆ

ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರ. ಬಸಾಲ್ಟ್ ಕಲ್ಲಿನಿಂದಾದ ಜ್ವಾಲಾಮುಖಿ ಮಣ್ಣು. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಜುಲೈ-ಆಗಸ್ಟಿನಲ್ಲಿ ಗುಡುಗು ಸಹಿತ ಮಳೆ ಬರುತ್ತದೆ. ಇವೆರಡರ ಮಧ್ಯೆ ಮೇ-ಜೂನ್ ತಿಂಗಳು ಒಣಗಿ ಬಿರಿಯುತ್ತದೆ. ಬೆಳೆಯುವ ಹಂಗಾಮಿನ ನಟ್ಟನಡುವೆಯೇ ಬರ. ಪಾಂಡೆರೋಸಾ ಪೈನ್ ಇದಕ್ಕೆ ಒಗ್ಗಿಕೊಂಡ ಮರ. ಆಳಕ್ಕಿಳಿಯುವ ಬೇರು, ದಪ್ಪ ತೊಗಟೆ, ಮುನ್ನೂರು-ನಾನೂರು ವರ್ಷ ಬದುಕುವ ಗಟ್ಟಿತನ.

ಹಿಂದೆ ಇಲ್ಲಿ ಕೆಲವು ವರ್ಷಗಳಿಗೊಮ್ಮೆ ನೆಲಮಟ್ಟದ ಸಣ್ಣ ಬೆಂಕಿ ಹಾದುಹೋಗುತ್ತಿತ್ತು. ಹುಲ್ಲು ಸುಡುತ್ತಿತ್ತು, ಸಸಿಗಳು ಸಾಯುತ್ತಿದ್ದವು, ದಪ್ಪ ತೊಗಟೆಯ ದೊಡ್ಡ ಮರ ಉಳಿಯುತ್ತಿತ್ತು. ಬುಡದ ಸುಟ್ಟ ಗಾಯಗಳನ್ನು ಉಂಗುರಗಳ ಜೊತೆ ಓದಿದಾಗ ಫೋರ್ಟ್ ವ್ಯಾಲಿಯಲ್ಲಿ ಅಂಥ ಕೊನೆಯ ಬೆಂಕಿ 1876ರದ್ದು ಅಂತ ಗೊತ್ತಾಯಿತು. 1882ರಲ್ಲಿ ಫ್ಲ್ಯಾಗ್‌ಸ್ಟಾಫಿಗೆ ರೈಲು ಬಂತು. ಕುರಿ, ದನಗಳ ಹಿಂಡು ಜಾಸ್ತಿಯಾಗಿ ಹುಲ್ಲನ್ನು ಮೇಯ್ದು ಮುಗಿಸಿದವು. ಹುಲ್ಲಿಲ್ಲದ ಮೇಲೆ ಬೆಂಕಿ ಹರಡುವುದು ಹೇಗೆ? ಆಮೇಲೆ ಬೆಂಕಿ ಕಂಡ ತಕ್ಷಣ ಆರಿಸುವುದೇ ಸರ್ಕಾರದ ನೀತಿಯಾಯಿತು.

ಮರ ಕಡಿದ ಜಾಗದಲ್ಲಿ ಸಸಿ ಏಳುತ್ತಿಲ್ಲ ಎಂಬ ಚಿಂತೆಯಿಂದ 1908ರಲ್ಲಿ ಅಮೆರಿಕದ ಅರಣ್ಯ ಸೇವೆ ತನ್ನ ಮೊದಲ ಅರಣ್ಯ ಸಂಶೋಧನಾ ಕೇಂದ್ರವನ್ನು ಇಲ್ಲಿ ತೆರೆಯಿತು. ಗುಸ್ತಾಫ್ ಪಿಯರ್ಸನ್ ಎಂಬ ತರುಣ ಅಧಿಕಾರಿ ಬಂದು ಸೇರಿದರು. ತಮ್ಮ ವೃತ್ತಿಜೀವನವನ್ನೆಲ್ಲ ಈ ಒಂದು ಜಾತಿಯ ಮರಕ್ಕೇ ಕೊಟ್ಟರು. ಸಸಿ ಇಲ್ಲ ಎಂಬ ಅವರ ಚಿಂತೆಗೆ ಕಾಡು ಕೊಟ್ಟ ಉತ್ತರ ಮಾತ್ರ ಯಾರೂ ಎಣಿಸದಷ್ಟು ದೊಡ್ಡದಾಗಿತ್ತು. 1918ರಲ್ಲಿ ಭಾರಿ ಬೀಜದ ಫಸಲು ಬಂತು. 1919ರಲ್ಲಿ ಒಣಗಬೇಕಾದ ಹೊತ್ತಿನಲ್ಲಿ ತೇವ ಇತ್ತು. ಪೈಪೋಟಿಗೆ ಹುಲ್ಲಿಲ್ಲ, ಸಸಿಗಳನ್ನು ಸುಡಲು ಬೆಂಕಿಯೂ ಇಲ್ಲ. ಒಂದೇ ವರ್ಷದ ಸಸಿಗಳು ಕಂಬಳಿ ಹೊದಿಸಿದ ಹಾಗೆ ನೆಲ ತುಂಬಿಕೊಂಡವು. ಇವತ್ತು ಅಲ್ಲಿ ಕಾಣುವ ಒತ್ತೊತ್ತಾದ ಸಣ್ಣ ಮರಗಳಲ್ಲಿ ಬಹಳಷ್ಟು ಆ ವರ್ಷದವು.

ಲೆಕ್ಕದ ಕಣ್ಣಿಗೆ ಬೀಳದ ಪ್ರವಾಹ

1909ರಿಂದ 1913ರೊಳಗೆ ಅರಿಝೋನಾ ಮತ್ತು ನ್ಯೂ ಮೆಕ್ಸಿಕೋದಲ್ಲಿ 51 ಶಾಶ್ವತ ಪ್ಲಾಟುಗಳನ್ನು, ಅಂದರೆ ಮತ್ತೆ ಮತ್ತೆ ಬಂದು ಅಳೆಯಲು ಗಡಿ ಹಾಕಿದ ಕಾಡಿನ ತುಣುಕುಗಳನ್ನು, ಗುರುತಿಸಿದ್ದರು. ಮೇಲ್ವಿಚಾರಣೆ ಮಾಡಿದ್ದ ಥಿಯೋಡೋರ್ ವೂಲ್ಸಿ ಅವರ ಹೆಸರಿನಿಂದಲೇ ಇವನ್ನು ಕರೆಯುತ್ತಾರೆ. ಉದ್ದೇಶ ನೇರವಾಗಿತ್ತು: ಕಡಿದ ಮೇಲೆ ಉಳಿದ ಪೈನ್ ಮರಗಳು ಎಷ್ಟು ಬೇಗ ಬೆಳೆಯುತ್ತವೆ ಅಂತ ತಿಳಿಯುವುದು. ಪ್ರತಿ ಮರಕ್ಕೂ ನಂಬರ್ ಬಿಲ್ಲೆ ಹೊಡೆದರು. ನೆಲದಿಂದ ನಾಲ್ಕೂವರೆ ಅಡಿ, ಅಂದರೆ 1.37 ಮೀಟರ್ ಎತ್ತರದಲ್ಲಿ ವ್ಯಾಸ ಅಳೆದರು. ಎದೆಮಟ್ಟದ ಅಳತೆ ಅಂತ ನಾವೂ ಕರೆಯುವುದು ಇದನ್ನೇ. ಮರ ಎಲ್ಲಿದೆ ಅಂತ ನಕ್ಷೆಯಲ್ಲೂ ಗುರುತು ಹಾಕಿದರು.

ಸುಮಾರು 9 ಸೆಂ.ಮೀ.ಗಿಂತ ಸಣ್ಣ ವ್ಯಾಸದ ಮರಗಳು ಈ ಪಟ್ಟಿಗೆ ಸೇರಲಿಲ್ಲ. ಕಾರಣ ಅರ್ಥವಾಗುತ್ತದೆ. ಮರದ ದಿಮ್ಮಿ ಬೇಕಾದವರಿಗೆ ಕಡ್ಡಿ ಗಾತ್ರದ ಸಸಿ ಎಣಿಸಿ ಏನಾಗಬೇಕು? ಆದರೆ ಇದರ ಪರಿಣಾಮ ನೋಡಿ. 1919ರ ಸಸಿಗಳು ಕಾಡಿನ ಗತಿಯನ್ನೇ ಬದಲಿಸುತ್ತಿದ್ದಾಗ ಇಂಥ ದಾಸ್ತಾನು ಪಟ್ಟಿಯಲ್ಲಿ ಅವುಗಳ ಸುಳಿವೇ ಇರುವುದಿಲ್ಲ. ದಶಕಗಳ ನಂತರ ಒಂದೊಂದಾಗಿ ಆ 9 ಸೆಂ.ಮೀ. ಗೆರೆ ದಾಟಿದಾಗ ಮಾತ್ರ ಸಂಖ್ಯೆ ಏರತೊಡಗುತ್ತದೆ. ಪಟ್ಟಿ ಓದಿದವನಿಗೆ ಮರಗಳು ಇದ್ದಕ್ಕಿದ್ದಂತೆ ಹುಟ್ಟಿದ ಹಾಗೆ ಕಾಣುತ್ತದೆ. ಕನಿಷ್ಠ ವ್ಯಾಸದ ಗೆರೆ ಎಲ್ಲಿ ಎಳೆಯಬೇಕು ಅನ್ನುವುದು ಸುಮ್ನೆ ಫಾರಂ ತುಂಬುವಾಗಿನ ವಿಷಯ ಅಂತ ಭಾವಿಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಗೆರೆಗಿಂತ ಕೆಳಗಿನ ಸಸಿಗಳನ್ನು ಪ್ಲಾಟಿನೊಳಗೇ ಒಂದು ಚಿಕ್ಕ ವೃತ್ತದಲ್ಲಾದರೂ ಎಣಿಸುವ ಪದ್ಧತಿ ಇರುವುದು ಇದಕ್ಕೇ.

ಸಂಖ್ಯೆ ಒಂದು ಹೇಳಿದರೆ ಬೇಸಲ್ ಏರಿಯಾ ಇನ್ನೊಂದು ಹೇಳುತ್ತದೆ. ಎದೆಮಟ್ಟದಲ್ಲಿ ಎಲ್ಲ ಮರಗಳನ್ನೂ ಅಡ್ಡ ಕೊಯ್ದರೆ ಕಾಣುವ ಮುಖಗಳ ಒಟ್ಟು ವಿಸ್ತೀರ್ಣ ಅದು. 60 ಸೆಂ.ಮೀ. ವ್ಯಾಸದ ಒಂದು ಮರದ ಮುಖ 0.28 ಚದರ ಮೀಟರ್. 10 ಸೆಂ.ಮೀ. ಮರದ್ದು 0.008 ಚದರ ಮೀಟರಿಗೂ ಕಡಿಮೆ. ಅಂದರೆ ಒಂದು ದೊಡ್ಡ ಮರದ ಜಾಗ ತುಂಬಲು 36 ಸಣ್ಣ ಮರ ಬೇಕು. ಹೆಕ್ಟೇರಿಗೆ 60 ದೊಡ್ಡ ಮರಗಳಿದ್ದರೂ, 2,160 ಸಣ್ಣ ಮರಗಳಿದ್ದರೂ ಬೇಸಲ್ ಏರಿಯಾ ಕಾಲಂನಲ್ಲಿ ಒಂದೇ ಸಂಖ್ಯೆ ಬರುತ್ತದೆ: ಸುಮಾರು 17 ಚದರ ಮೀಟರ್. ಎರಡೂ ಒಂದೇ ಕಾಡು ಅಂತ ಯಾರಾದರೂ ಹೇಳುತ್ತಾರಾ? ಹಾಗಾಗಿ ವ್ಯಾಸದ ವರ್ಗವಾರು ಪಟ್ಟಿ ಇಲ್ಲದ ದಾಸ್ತಾನು ವರದಿಯನ್ನು ನಾನಂತೂ ಅರ್ಧ ವರದಿ ಅಂತಲೇ ಓದುತ್ತೇನೆ.

ಪ್ಲಾಟು ಹಾಕುವುದೂ ಸಲೀಸಲ್ಲ. ಇಲ್ಲಿನ ಹಳೇ ಮರಗಳು ಗುಂಪು ಗುಂಪಾಗಿ ನಿಂತಿವೆ, ಗುಂಪುಗಳ ನಡುವೆ ಬಯಲು. ಚಿಕ್ಕ ಪ್ಲಾಟು ಹಾಕಿದರೆ ಒಂದೋ ಗುಂಪಿನ ಮಧ್ಯೆ ಬೀಳುತ್ತದೆ, ಇಲ್ಲವೇ ಖಾಲಿ ಜಾಗದಲ್ಲಿ. ಪ್ಲಾಟಿನಿಂದ ಪ್ಲಾಟಿಗೆ ಏರುಪೇರು ಸರಾಸರಿಯ ಶೇಕಡ 80ರಷ್ಟಿದ್ದರೆ, ಹತ್ತು ಶೇಕಡ ತಪ್ಪಿನೊಳಗೆ ಅಂದಾಜು ಹಿಡಿಯಲು ಸುಮಾರು 256 ಪ್ಲಾಟು ಬೇಕು. ಏರುಪೇರು 40ಕ್ಕೆ ಇಳಿದರೆ 64 ಸಾಕು. ಪ್ಲಾಟನ್ನು ದೊಡ್ಡದು ಮಾಡಿ, ಗುಂಪು ಮತ್ತು ಬಯಲು ಎರಡೂ ಒಳಗೆ ಬರುವ ಹಾಗೆ ಹಾಕುವುದು ಇಂಥ ಕಾಡಿನಲ್ಲಿ ಕೊನೆಗೆ ಅಗ್ಗವಾಗುತ್ತದೆ. ಕಡಿದಾದ ಬೆಟ್ಟವಾದರೆ ಇಳಿಜಾರಿನ ತಾಪತ್ರಯವೂ ಸೇರುತ್ತದೆ. 30 ಡಿಗ್ರಿ ಇಳಿಜಾರಿನಲ್ಲಿ ಟೇಪನ್ನು ನೆಲದ ಮೇಲೇ ಎಳೆದು 20 ಮೀಟರ್ ಅಂತ ಬರೆದುಕೊಂಡರೆ ಸಮತಲದ ಲೆಕ್ಕದಲ್ಲಿ ಅದು 17.3 ಮೀಟರ್ ಮಾತ್ರ.

ಉಂಗುರದೊಳಗಿನ ಬೆಳವಣಿಗೆ

ದಾಸ್ತಾನು ಅಳೆಯಲು ಒಂದು ಭೇಟಿ ಸಾಕು, ಬೆಳವಣಿಗೆಗೆ ಕನಿಷ್ಠ ಎರಡು ಬೇಕು. ಎರಡನೇ ಭೇಟಿಗೆ ಕಾಯಲು ಆಗದಿದ್ದರೆ ಮರದ ಒಳಗೇ ನೋಡಬೇಕು. ಅದಕ್ಕೆ ಬೋರರ್ ಇದೆ: ಟೊಳ್ಳಾದ, ತುದಿಯಲ್ಲಿ ತಿರುಪಿರುವ ಉಕ್ಕಿನ ಕೊಳವೆ. ಎದೆಮಟ್ಟದಲ್ಲಿ ತೊಗಟೆಯ ಸೀಳಿಗೆ ತುದಿ ಕೂರಿಸಿ, ನಡುವಿನ ತಿರುಳಿನ ಕಡೆ ಗುರಿಯಿಟ್ಟು ತಿರುಗಿಸುತ್ತಾರೆ. ಒಳಗಿನಿಂದ ಪೆನ್ಸಿಲ್‌ಗಿಂತ ತೆಳ್ಳಗಿನ ಮರದ ಕಡ್ಡಿ ಹೊರಬರುತ್ತದೆ. ಅದನ್ನು ಮರದ ಪಟ್ಟಿಗೆ ಅಂಟಿಸಿ, ನುಣ್ಣಗಿನ ಮರಳುಕಾಗದದಲ್ಲಿ ಉಜ್ಜಿದರೆ ಉಂಗುರಗಳು ಕಾಣುತ್ತವೆ. ವಸಂತದಲ್ಲಿ ಬೆಳೆದ ಭಾಗ ತಿಳಿ ಬಣ್ಣ, ಬೇಸಿಗೆಯ ಕೊನೆಯದು ಕಡು ಕಂದು. ಎರಡೂ ಸೇರಿ ಒಂದು ವರ್ಷ.

ಹಾಗಂತ ಎಣಿಸಿಬಿಟ್ಟರೆ ಮುಗಿಯಿತೇ? ಒಣ ಬೆಟ್ಟದಲ್ಲಿ ಇಲ್ಲ. 2002ರಂಥ ಭೀಕರ ಬರದ ವರ್ಷ ಎಷ್ಟೋ ಮರಗಳು ಎದೆಮಟ್ಟದಲ್ಲಿ ಉಂಗುರವನ್ನೇ ಹಾಕುವುದಿಲ್ಲ. ಇನ್ನು ಕೆಲವು ವರ್ಷ ಜೂನಿನ ಬರಕ್ಕೆ ಬೆಳವಣಿಗೆ ನಿಂತು ಕಡು ಗೆರೆ ಮೂಡುತ್ತದೆ, ಜುಲೈ ಮಳೆಗೆ ಮತ್ತೆ ಶುರುವಾಗುತ್ತದೆ. ಒಂದೇ ವರ್ಷಕ್ಕೆ ಎರಡು ಉಂಗುರ ಇದ್ದ ಹಾಗೆ ಕಾಣುತ್ತದೆ. ಹೊರಗಿನ 20 ವರ್ಷಗಳಲ್ಲಿ ಎರಡು ಉಂಗುರ ಇಲ್ಲದಿದ್ದರೆ ಎಣಿಕೆಗೆ ಸಿಗುವುದು 18. ಅಷ್ಟೇ ದಪ್ಪ 20ರ ಬದಲು 18 ವರ್ಷಗಳಲ್ಲಿ ಬೆಳೆಯಿತು ಅಂತ ಬರೆದುಕೊಂಡರೆ ಬೆಳವಣಿಗೆಯ ದರ ಶೇಕಡ 11ರಷ್ಟು ಉಬ್ಬುತ್ತದೆ. ಅದೂ ಬರದ ಅವಧಿಯಲ್ಲೇ ಜಾಸ್ತಿ ಉಬ್ಬುತ್ತದೆ, ನಮಗೆ ಸರಿಯಾದ ಅಂಕಿ ತೀರಾ ಬೇಕಿರುವ ಹೊತ್ತಿನಲ್ಲಿ.

ಇದಕ್ಕೆ ಮದ್ದು ಹುಟ್ಟಿದ್ದೂ ಇದೇ ಊರಿನಲ್ಲಿ ಅನ್ನುವುದು ತಮಾಷೆಯ ಸಂಗತಿ. ಕಂಡುಕೊಂಡವರು ಅರಣ್ಯದವರಲ್ಲ, ಖಗೋಳಶಾಸ್ತ್ರಜ್ಞ. ಲೊವೆಲ್ ವೀಕ್ಷಣಾಲಯಕ್ಕಾಗಿ 1894ರಲ್ಲಿ ಫ್ಲ್ಯಾಗ್‌ಸ್ಟಾಫಿಗೆ ಬಂದ ಆಂಡ್ರ್ಯೂ ಎಲಿಕಾಟ್ ಡಗ್ಲಸ್ ಸೂರ್ಯನ ಕಲೆಗಳ ಏರಿಳಿತಕ್ಕೂ ಮಳೆಗೂ ನಂಟಿದೆಯೇ ಅಂತ ಹುಡುಕುತ್ತಿದ್ದರು. ಹಳೆಯ ಹವಾಮಾನದ ಸಾಕ್ಷಿ ಬೇಕಿತ್ತು, ಪೈನ್ ಮರದ ಕೊರಡುಗಳು ಸಿಕ್ಕವು. ತೆಳು ಮತ್ತು ದಪ್ಪ ಉಂಗುರಗಳ ಸರಣಿ ಮರದಿಂದ ಮರಕ್ಕೆ ಹೊಂದುತ್ತದೆ ಅಂತ ಅವರು ಗಮನಿಸಿದರು. ಒಂದು ಮರದಲ್ಲಿ ಕಾಣೆಯಾದ ವರ್ಷ ಪಕ್ಕದ ಮರದಲ್ಲಿ ಕೂದಲೆಳೆಯಷ್ಟಾದರೂ ಇರುತ್ತದೆ. ಹತ್ತಾರು ಮರಗಳನ್ನು ಪಕ್ಕ ಪಕ್ಕ ಇಟ್ಟು ಸರಣಿ ಹೊಂದಿಸಿದರೆ ಯಾವ ಉಂಗುರ ಯಾವ ವರ್ಷದ್ದು ಅಂತ ಖಚಿತವಾಗುತ್ತದೆ. ಇದನ್ನು ಕ್ರಾಸ್‌ಡೇಟಿಂಗ್ ಅನ್ನುತ್ತಾರೆ. ಒಣ ಕಾಡಿನ ಬೆಳವಣಿಗೆ ವರದಿಯಲ್ಲಿ ಈ ಕೆಲಸ ಮಾಡಿದ್ದಾರೋ ಇಲ್ಲವೋ ಅನ್ನುವುದನ್ನು ಮೊದಲು ನೋಡುವುದು ಒಳ್ಳೆಯದು.

ಉಂಗುರದ ಅಗಲವನ್ನು ನೇರವಾಗಿ ಹೋಲಿಸುವುದೂ ಮೋಸವೇ. ಹಳೇ ಮರ ಮತ್ತು ಎಳೆ ಮರ ಎರಡೂ ಒಂದು ಮಿಲಿಮೀಟರ್ ಉಂಗುರ ಹಾಕಿವೆ ಅನ್ನೋಣ. 10 ಸೆಂ.ಮೀ. ಮರದ ಕೊಯ್ತ ಮುಖಕ್ಕೆ ಸೇರುವುದು 3.2 ಚದರ ಸೆಂ.ಮೀ. 60 ಸೆಂ.ಮೀ. ಮರಕ್ಕೆ ಸೇರುವುದು 18.9. ಉಂಗುರ ಸಪೂರ ಅಂದ ಮಾತ್ರಕ್ಕೆ ದೊಡ್ಡ ಮರ ಬೆಳೆಯುತ್ತಿಲ್ಲ ಅಂತ ಹಣೆಪಟ್ಟಿ ಹಚ್ಚಿ ಕಡಿದವರು ಬಹಳ ಜನ. ಉಂಗುರದ ಅಗಲದ ಬದಲು ಬೇಸಲ್ ಏರಿಯಾ ಏರಿಕೆಯನ್ನು ನೋಡಿದರೆ ಚಿತ್ರ ಸರಿಹೋಗುತ್ತದೆ.

ಮತ್ತೆ ಮತ್ತೆ ಟೇಪ್ ಹಿಡಿದು ಅಳೆಯುವವರಿಗೂ ಒಂದು ಕಿರಿಕಿರಿ ಇದೆ. ಪಾಂಡೆರೋಸಾದ ತೊಗಟೆ ಪದರ ಪದರವಾಗಿ ಉದುರುತ್ತದೆ. ಐದು ವರ್ಷಗಳ ನಂತರ ಅಳೆದಾಗ ನಿಧಾನ ಬೆಳೆಯುವ ಮರದ ವ್ಯಾಸ ಕಡಿಮೆಯಾಗಿರುವುದೂ ಉಂಟು. ಅಳತೆಯ ಎತ್ತರ ನಾಲ್ಕು ಬೆರಳು ಆಚೀಚೆ ಆದರಂತೂ ಕೇಳಲೇಬೇಡಿ. ಅಳೆಯುವ ಜಾಗಕ್ಕೆ ಬಣ್ಣದ ಗೆರೆ ಅಥವಾ ಮೊಳೆಯ ಗುರುತು ಇರಲೇಬೇಕು.

1876ರ ಮರ ಎಣಿಸಿದ್ದು ಹೇಗೆ?

ಆಗ ಯಾರೂ ಅಲ್ಲಿ ಎಣಿಸಿರಲಿಲ್ಲ. ಪಿಯರ್ಸನ್ ಹೆಸರಿನಲ್ಲಿ ಕಾಯ್ದಿಟ್ಟ ಕಾಡಿನ ತುಣುಕಿನಲ್ಲಿ ಅರಣ್ಯ ವಿಜ್ಞಾನಿ ವ್ಯಾಲೇಸ್ ಕೋವಿಂಗ್ಟನ್ ಮತ್ತು ಅವರ ಸಂಗಡಿಗರು ಹಿಂದಕ್ಕೆ ಲೆಕ್ಕ ಹಾಕಿದರು. ಹಳದಿಗೆ ತಿರುಗಿದ ತೊಗಟೆಯ, ಅಥವಾ ಸುಮಾರು 37 ಸೆಂ.ಮೀ.ಗಿಂತ ದಪ್ಪದ ಮರಗಳು ಹಳೇ ಕಾಲದವು ಇರಬಹುದು ಅಂತ ಗುರುತಿಸಿ ಕಡ್ಡಿ ತೆಗೆದು ವಯಸ್ಸು ನೋಡಿದರು. ಆಮೇಲೆ ಸತ್ತವುಗಳ ಹುಡುಕಾಟ: ಕೊರಡು, ಬಿದ್ದ ದಿಮ್ಮಿ, ಒಣಗಿ ನಿಂತ ಮರ, ಬುಡ ಕಿತ್ತು ಬಂದ ಗುಂಡಿ. ಒಣ ಹವೆಯಲ್ಲಿ ಮರ ನಿಧಾನವಾಗಿ ಕೊಳೆಯುತ್ತದೆ, 1876ರ ನಂತರ ಬೆಂಕಿಯೂ ಬಂದಿಲ್ಲ. ಸಾಕ್ಷಿ ನೆಲದ ಮೇಲೇ ಉಳಿದಿತ್ತು.

ಈ ವಿಧಾನ ನಂಬಬಹುದೇ ಅಂತ ಪರೀಕ್ಷಿಸಲು ವೂಲ್ಸಿ ಪ್ಲಾಟುಗಳು ಕೆಲಸಕ್ಕೆ ಬಂದವು. ಮರೆತೇಹೋಗಿದ್ದ ಹಳೇ ನಕ್ಷೆ, ಪಟ್ಟಿಗಳನ್ನು ಸಂಗ್ರಹದಿಂದ ತೆಗೆದು ಪ್ಲಾಟುಗಳನ್ನು ಮತ್ತೆ ಪತ್ತೆ ಹಚ್ಚಿದ್ದರು. ನೂರು ವರ್ಷದ ಹಿಂದಿನ ನಕ್ಷೆಯಲ್ಲಿದ್ದ ಮರಗಳಲ್ಲಿ ಹತ್ತಕ್ಕೆ ಒಂಬತ್ತಾದರೂ ಮರಗಳ ಕುರುಹು ಇವತ್ತಿಗೂ ನೆಲದ ಮೇಲೆ ಸಿಕ್ಕಿತು. ಅವತ್ತು ಕುಳಿತು ನಕ್ಷೆ ಬರೆದವರಿಗೆ ಇಂಥ ಉಪಯೋಗ ಕನಸಿನಲ್ಲೂ ಹೊಳೆದಿರಲಾರದು. ಅವರಿಗೆ ಬೇಕಿದ್ದದ್ದು ಮರದ ಇಳುವರಿ ಅಷ್ಟೆ.

ಎಷ್ಟು ಮರ ಬಿಡಬೇಕು? ಟೇಲರ್ ವುಡ್ಸ್ ಪ್ರಯೋಗ

ದಾಸ್ತಾನು ಮತ್ತು ಬೆಳವಣಿಗೆಯ ಸಂಬಂಧವನ್ನು ನೇರವಾಗಿ ಪರೀಕ್ಷಿಸಿದ್ದು ಫೋರ್ಟ್ ವ್ಯಾಲಿಯ ಟೇಲರ್ ವುಡ್ಸ್ ಎಂಬ ಭಾಗದಲ್ಲಿ. 1919ರ ಸಸಿಗಳಿಂದಲೇ ಎದ್ದ ಕಾಡು. 1962ರಲ್ಲಿ ಮರಗಳಿಗೆ 43 ವರ್ಷ, ಆದರೂ ಸಪೂರ. 18 ಪ್ಲಾಟು ಮಾಡಿ, ಆರು ಬೇರೆ ಬೇರೆ ಮಟ್ಟಕ್ಕೆ ಥಿನ್ನಿಂಗ್ ಮಾಡಿದರು, ಅಂದರೆ ಕೆಲವು ಮರ ಕಡಿದು ಉಳಿದವಕ್ಕೆ ಜಾಗ ಬಿಟ್ಟರು. ಪ್ರತಿ ಮಟ್ಟಕ್ಕೂ ಮೂರು ಪ್ಲಾಟು. ಅತಿ ವಿರಳವಾದದ್ದು ಹೆಕ್ಟೇರಿಗೆ ಸುಮಾರು 7 ಚದರ ಮೀಟರ್ ಬೇಸಲ್ ಏರಿಯಾದ ಗುರಿ, ಅತಿ ದಟ್ಟವಾದದ್ದು 34ರ ಹತ್ತಿರ. ಆಮೇಲೆ ಸುಮಾರು ಹತ್ತು ವರ್ಷಕ್ಕೊಮ್ಮೆ ಮತ್ತೆ ಕಡಿದು ಅದೇ ಮಟ್ಟ ಕಾಯ್ದುಕೊಂಡರು.

ಫಲಿತಾಂಶವನ್ನು ಎರಡು ರೀತಿ ಓದಬಹುದು, ಗಲಾಟೆ ಆಗುವುದೂ ಅಲ್ಲೇ. ಒಂದೊಂದು ಮರವನ್ನು ನೋಡಿದರೆ ವಿರಳ ಪ್ಲಾಟಿನದ್ದು ಬೇಗ ದಪ್ಪವಾಯಿತು, ದಟ್ಟ ಪ್ಲಾಟಿನದ್ದು ಹಾಗೇ ಉಳಿಯಿತು. ಹೆಕ್ಟೇರಿನ ಒಟ್ಟು ಮೊತ್ತ ನೋಡಿದರೆ ಉಲ್ಟಾ. ದಟ್ಟ ಪ್ಲಾಟುಗಳಲ್ಲೇ ಒಟ್ಟು ಏರಿಕೆ ಜಾಸ್ತಿ, ಯಾಕೆಂದರೆ ತಲೆಗೆ ಸ್ವಲ್ಪ ಸ್ವಲ್ಪವಾದರೂ ತಲೆಗಳು ಬಹಳ. ಒಟ್ಟು ಸೌದೆ ಬೇಕು ಅನ್ನುವವರು ಒಂದು ಅಂಕಿ ಹಿಡಿದು ವಾದಿಸಬಹುದು, ಕುಯ್ಯಲು ಬರುವ ದಿಮ್ಮಿ ಬೇಕು ಅನ್ನುವವರು ಇನ್ನೊಂದು. ನನ್ನ ಮಟ್ಟಿಗೆ, ನೀರು ಕಡಿಮೆ ಇರುವ ಕಡೆ ಒಂದೊಂದು ಮರದ ಅಂಕಿಗೇ ತೂಕ ಜಾಸ್ತಿ. ಬರಗಾಲದಲ್ಲಿ ಬದುಕಬೇಕಾದದ್ದು ಮರ. ಹೆಕ್ಟೇರ್ ಅನ್ನುವುದು ನಮ್ಮ ಲೆಕ್ಕದ ಅನುಕೂಲ ಮಾತ್ರ.

ಇಲ್ಲಿ ಒಂದು ಅಂಕಗಣಿತದ ಮಾಯೆ ಇದೆ, ಎಚ್ಚರ. ನೂರು ಮರಗಳಲ್ಲಿ 70 ಮರ 8 ಸೆಂ.ಮೀ., 30 ಮರ 16 ಸೆಂ.ಮೀ. ಅನ್ನೋಣ. ಸರಾಸರಿ 10.4. ಸಣ್ಣ 70 ಮರ ಕಡಿದ ದಿನ ಸಂಜೆ ಸರಾಸರಿ 16! ಒಂದು ಮಿಲಿಮೀಟರ್ ಕೂಡ ಯಾವ ಮರವೂ ಬೆಳೆದಿಲ್ಲ. ಥಿನ್ನಿಂಗ್‌ನಿಂದ ವ್ಯಾಸ ಇಷ್ಟು ಹೆಚ್ಚಿತು ಅನ್ನುವ ವರದಿ ಕೈಗೆ ಬಂದರೆ ಉಳಿದ ಮರಗಳನ್ನು ಮಾತ್ರ ಮೊದಲೂ ಆಮೇಲೂ ಹೋಲಿಸಿದ್ದಾರಾ ಅಂತ ಕೇಳಿ.

ಸಾವಿನ ಕಾಲಂ ಕೂಡ ಬಿಡುವ ಹಾಗಿಲ್ಲ. ಎರಡು ಅಳತೆಗಳ ನಡುವಿನ ವ್ಯತ್ಯಾಸದಲ್ಲಿ ಬದುಕಿದ ಮರಗಳ ಏರಿಕೆ, ಹೊಸದಾಗಿ ಗೆರೆ ದಾಟಿದವು, ಸತ್ತವು, ಕಡಿದವು ಎಲ್ಲ ಕಲಸಿಕೊಂಡಿರುತ್ತವೆ. ಫೋರ್ಟ್ ವ್ಯಾಲಿಯ ಹಳೇ ಮರಗಳಿಗೆ ಸಿಡಿಲು, ಗಾಳಿ, ಕುಳ್ಳ ಬಂದಳಿಕೆ ದೊಡ್ಡ ಶತ್ರುಗಳು ಅಂತ ಪಿಯರ್ಸನ್ ಆಗಲೇ ಬರೆದಿಟ್ಟಿದ್ದರು. ಒಂದು ಮುದಿ ಪೈನ್ ಸಿಡಿಲಿಗೆ ಬಿದ್ದರೆ ಆ ಪ್ಲಾಟಿನ ಹಲವು ವರ್ಷದ ಏರಿಕೆ ಒಂದೇ ಮಧ್ಯಾಹ್ನ ಕಳೆದುಹೋಗುತ್ತದೆ. ಬಿಲ್ಲೆ ಹೊಡೆದ ಮರಗಳಿದ್ದರೆ ಮಾತ್ರ ಇದನ್ನು ಬಿಡಿಸಿ ನೋಡಲು ಸಾಧ್ಯ.

ಲೆಕ್ಕದ ನಂತರ

1990ರ ದಶಕದಲ್ಲಿ ಪಿಯರ್ಸನ್ ಕಾಡಿನ ಒಂದು ಭಾಗದಲ್ಲಿ ಎಳೆ ಮರಗಳನ್ನು ತೆಗೆದರು. ಹಳೇ ಮರಗಳ ಬುಡದಲ್ಲಿ ದಶಕಗಳಿಂದ ಗುಡ್ಡೆಯಾಗಿದ್ದ ಸೂಜಿ ಎಲೆಗಳನ್ನು ಕೆರೆದು ತೆಗೆದು, ಸಣ್ಣ ಬೆಂಕಿಯನ್ನು ಬೇಕೆಂದೇ ಹಾಯಿಸಿದರು. ಹಳೇ ಮರಗಳ ಬೆಳವಣಿಗೆ ಚೇತರಿಸಿಕೊಂಡಿತು, ತೊಗಟೆ ಕೊರೆಯುವ ಹುಳುವನ್ನು ತಡೆಯುವ ಅಂಟು ಜಾಸ್ತಿ ಒಸರಿತು. ಮುದಿ ಮರ ಇನ್ನು ಬೆಳೆಯಲ್ಲ ಅಂದವರ ಮಾತು ಸುಳ್ಳಾಯಿತು. ಒತ್ತಾದ ಎಳೆ ಮರಗಳ ಪೈಪೋಟಿಯಲ್ಲಿ ಅದಕ್ಕೆ ನೀರು ಸಿಕ್ಕಿರಲಿಲ್ಲ ಅಷ್ಟೆ.

ಸುತ್ತಲಿನ ವಿಶಾಲ ಕಾಡು ಮಾತ್ರ ಹಾಗೇ ಇತ್ತು. 2010ರ ಜೂನಿನಲ್ಲಿ ಫೋರ್ಟ್ ವ್ಯಾಲಿಯ ಹತ್ತಿರದ ಬೆಟ್ಟಸಾಲಿನ ಪೂರ್ವ ಮಗ್ಗುಲಲ್ಲಿ ಷುಲ್ಟ್ಸ್ ಬೆಂಕಿ ಸುಮಾರು 6,000 ಹೆಕ್ಟೇರ್ ಸುಟ್ಟಿತು. ಮರುತಿಂಗಳ ಮಳೆಗೆ ಬೋಳಾದ ಇಳಿಜಾರಿನಿಂದ ಪ್ರವಾಹ ಬಂದು ಕೆಳಗಿನ ಮನೆಗಳಿಗೆ ನುಗ್ಗಿತು. ಅದೇ ಹೊತ್ತಿಗೆ ನಾಲ್ಕು ರಾಷ್ಟ್ರೀಯ ಅರಣ್ಯಗಳ ಸುಮಾರು 9.7 ಲಕ್ಷ ಹೆಕ್ಟೇರಿಗೆ ಒಟ್ಟಾಗಿ ಥಿನ್ನಿಂಗ್ ಮತ್ತು ನಿಯಂತ್ರಿತ ಬೆಂಕಿಯ ಯೋಜನೆ ರೂಪಗೊಂಡಿತು. ಫೋರ್-ಫ್ರೈ ಅಂತ ಅದನ್ನು ಕರೆಯುತ್ತಾರೆ.

ಎಷ್ಟು ಮರ ತೆಗೆಯಬೇಕು ಅನ್ನುವ ಲೆಕ್ಕ ಆ ಯೋಜನೆಗೆ ಸಿಕ್ಕಿತ್ತು. ತೆಗೆದ ಮರ ಕೊಳ್ಳುವವರು ಸಿಗಲಿಲ್ಲ. ದಾಸ್ತಾನು ಪಟ್ಟಿಯಲ್ಲಿ ಘನ ಮೀಟರ್‌ಗಳು ಧಾರಾಳವಾಗಿದ್ದವು, ಆದರೆ ಅವು ಸಣ್ಣ ವ್ಯಾಸದ ವರ್ಗಗಳಲ್ಲಿ ಕೂತಿದ್ದವು. ಸಣ್ಣ ಮರ ಕಡಿದು ಸಾಗಿಸುವ ಖರ್ಚು ಅದರ ಬೆಲೆಯನ್ನು ಮೀರುತ್ತದೆ. ಕಾರ್ಖಾನೆಗಳು ಬರಲು ಹಿಂಜರಿದವು, ಕೆಲಸ ಅಂದುಕೊಂಡ ವೇಗಕ್ಕಿಂತ ಬಹಳ ಹಿಂದೆ ಬಿತ್ತು. 2021ರಲ್ಲಿ ಅರಣ್ಯ ಸೇವೆ ಎರಡನೇ ಹಂತದ ದೊಡ್ಡ ಗುತ್ತಿಗೆಯ ಟೆಂಡರನ್ನೇ ರದ್ದು ಮಾಡಿತು. ಈಗ ಊರುಗಳಿಗೆ ಮತ್ತು ನೀರಿನ ಮೂಲಗಳಿಗೆ ಹತ್ತಿರವಿರುವ ಜಾಗಗಳನ್ನು ಮೊದಲು ಹಿಡಿದು, ಸರ್ಕಾರದ ದುಡ್ಡು ಹಾಕಿ, ತುಂಡು ತುಂಡಾಗಿ ಕೆಲಸ ನಡೆಸುತ್ತಿದ್ದಾರೆ.